ಮಗ್ಗಿ ಹೇಳಿಕೊಂಡು ಓಡಿದ ಚಳಿಗಾಲ

ದೈಹಿಕ ಶಿಕ್ಷಣದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಜಗಲಿ ಮೇಲೆ ಕೂತು ಕಾಫಿ ಕುಡಿದು, 'ಸಾರ್, ನಿಮ್ಮ ಅನುಭವ ಹೇಳಿ' ಅನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಗೊತ್ತಾಗುತ್ತದೆ, ಅವರಿಗೆ ಬೇಕಾಗಿರುವುದು ಮೇಲಿನವರ ಹತ್ತಿರ ಹೇಗೆ ನಡೆದುಕೊಂಡರೆ ಒಳ್ಳೆಯ ಊರು ಸಿಗುತ್ತದೆ ಎಂಬ ಗುಟ್ಟು. ಆ ಗುಟ್ಟು ನನಗೆ ಗೊತ್ತಿದ್ದಿದ್ದರೆ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಎಂದು ಮೂರು ತಾಲೂಕಿನ ಮೂಲೆಮೂಲೆಯ ಊರುಗಳಲ್ಲಿ ನಾನು ಸವೆಯುತ್ತಿರಲಿಲ್ಲ. ನನಗೆ ಗೊತ್ತಿರುವುದು ಒಂದೇ. ದೂರದ ಓಟದ ಮಕ್ಕಳನ್ನು ತಯಾರು ಮಾಡುವುದು ಚಳಿಗಾಲದಲ್ಲಿ. ಇದನ್ನು ಹೇಳಿದರೆ ಆಗಲೂ ನಗುತ್ತಿದ್ದರು, ಈಗಲೂ ನಗುತ್ತಾರೆ. ನಗಲಿ.

ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಸೀಟಿ ಕೊಡುತ್ತಾರೆ, ಮೈದಾನ ಕೊಡುವುದಿಲ್ಲ. ಬೆಲ್ ಹೊಡೆಸುವವರು ನೀವು, ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ನೀವು, ಬಿಸಿಯೂಟದ ಸಾರು ಚೆಲ್ಲಿದರೆ ಬೈಸಿಕೊಳ್ಳುವವರೂ ನೀವೇ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಪೀರಿಯಡ್ಡು ನಿಮ್ಮ ತಲೆಗೆ. ನಾಗಮಂಗಲದ ಕಡೆ ನನ್ನ ಮೊದಲ ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ವರ್ಷವೆಲ್ಲ ಒಂದಲ್ಲ ಒಂದು ಕಾಯಿಲೆ. ಅವರ ತರಗತಿಯಲ್ಲಿ ನಿಂತು ನಾನು ಏನು ಕಲಿಸಲಿ? ನನಗೆ ಸರಿಯಾಗಿ ಬರುತ್ತಿದ್ದದ್ದು ಮಗ್ಗಿ. ಅದನ್ನೇ ಹೇಳಿಸಿದೆ. ಒಂದು ದಿನ ಕೋಣೆಯೊಳಗೆ ಸೆಕೆ ತಡೆಯಲಾಗದೆ ಇಡೀ ತರಗತಿಯನ್ನು ಹೊರಗೆ ಕರೆದುಕೊಂಡು ಹೋಗಿ, ಕೆರೆ ಏರಿ ಮೇಲೆ ಓಡಿಸುತ್ತಾ ಮಗ್ಗಿ ಹೇಳಿಸಿದೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಜೋರಾಗಿ ಓಡಿದವರಿಗೆ ನಾಲ್ಕನೇ ಸಾಲಿಗೆ ಮಗ್ಗಿ ನಿಂತುಹೋಗುತ್ತಿತ್ತು. ನಿಧಾನಕ್ಕೆ ಓಡಿದವರು ಮಗ್ಗಿ ಮುಗಿಸಿ, ಇನ್ನೊಂದು ಮಗ್ಗಿ ಹಿಡಿದು, ಏರಿಯ ಆ ತುದಿ ಮುಟ್ಟಿ ವಾಪಸ್ ಬರುತ್ತಿದ್ದರು. ಮೈಯೊಳಗೆ ದಮ್ಮು ಬೆಳೆಸುವುದು ಎಂದರೆ ಇದೇ. ಉಸಿರು ಮಾತಿಗೂ ಸಿಗಬೇಕು, ಕಾಲಿಗೂ ಸಿಗಬೇಕು. ಅಂದಿನಿಂದ ನನ್ನ ಶಾಲೆಯ ಮಕ್ಕಳು ಚಳಿಗಾಲ ಪೂರ್ತಿ ಮಗ್ಗಿ ಹೇಳಿಕೊಂಡೇ ಓಡಿದರು. ಮಗ್ಗಿ ತಡವರಿಸಿದರೆ ವೇಗ ಇಳಿಸಬೇಕು. ಇಷ್ಟೇ ನಿಯಮ. ಈಗಿನವರ ಕೈಯಲ್ಲಿ ಎದೆಬಡಿತ ತೋರಿಸುವ ವಾಚು ಇದೆ. ಇರಲಿ, ಒಳ್ಳೆಯದೇ. ಆದರೆ ಸರ್ಕಾರಿ ಶಾಲೆಯ ಮಗುವಿನ ಕೈಗೆ ಅದು ಬರುವವರೆಗೆ ಮಗ್ಗಿಯೇ ಗತಿ.

ನಮ್ಮ ಇಲಾಖೆಯ ಲೆಕ್ಕದಲ್ಲಿ ಕ್ರೀಡೆ ಎಂದರೆ ಮಳೆಗಾಲ. ಹೋಬಳಿ, ತಾಲೂಕು, ಜಿಲ್ಲೆ ಎಂದು ಒಂದರ ಹಿಂದೆ ಒಂದು ಕ್ರೀಡಾಕೂಟ ಬರುತ್ತವೆ. ದೀಪಾವಳಿ ಹೊತ್ತಿಗೆ ಎಲ್ಲ ಮುಗಿದು, ಕಪ್ಪುಗಳು ಹೆಡ್ ಮಾಸ್ಟರ ಬೀರು ಸೇರಿ, ಮಕ್ಕಳು ಮರೆತೇ ಹೋಗುತ್ತಾರೆ. ಮುಂದಿನ ಜುಲೈನಲ್ಲಿ ಎಬ್ಬಿಸಿ 'ಓಡಿ' ಅಂದರೆ ಎಲ್ಲಿಂದ ಓಡಿಯಾವು? ಒಬ್ಬ ಮೇಲಧಿಕಾರಿ ಇದ್ದರು, ಅವರ ಪ್ರಕಾರ ವಾಂತಿ ಮಾಡಿಕೊಳ್ಳದಿದ್ದರೆ ಅದು ತರಬೇತಿಯೇ ಅಲ್ಲ. ಪಾಂಡವಪುರದಲ್ಲಿದ್ದಾಗ ನನ್ನ ಮಕ್ಕಳನ್ನು ಮೇಲುಕೋಟೆಗೆ ಕರೆದೊಯ್ದು, ಬೆಟ್ಟದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿಸಬೇಕು ಎಂದು ಅಪ್ಪಣೆ ಮಾಡಿದರು. ನಾನು ಕರೆದೊಯ್ದೆ. ಎಲ್ಲರನ್ನೂ ನಡೆಸಿಕೊಂಡು ಹತ್ತಿಸಿದೆ, ಮೇಲೆ ನರಸಿಂಹಸ್ವಾಮಿಗೆ ಕೈ ಮುಗಿಸಿ, ಪುಳಿಯೋಗರೆ ತಿನ್ನಿಸಿ, ನಡೆಸಿಕೊಂಡೇ ಇಳಿಸಿದೆ. 'ಹತ್ತಿಸಿದಿರೇನ್ರೀ?' ಎಂದು ಕೇಳಿದರು. 'ಹತ್ತಿಸಿದೆ ಸಾರ್' ಅಂದೆ. ನಾನು ಸುಳ್ಳು ಹೇಳಲಿಲ್ಲ.

ಎಡವಟ್ಟುಗಳೂ ಆಗಿವೆ. ನಮ್ಮ ಸೀಮೆಯಲ್ಲಿ ಚಳಿಗಾಲ ಎಂದರೆ ಸುಗ್ಗಿ. ಜನ ರಾಗಿಯನ್ನೂ ಹುರುಳಿಯನ್ನೂ ತಂದು ಟಾರು ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿ ಅದರ ಮೇಲೆ ಹರಿದು ಒಕ್ಕಣೆಯಾಗುತ್ತದೆ. ಟಾರಿನ ಮೇಲೆ ಓಡಿದರೆ ಎಳೆ ಮೂಳೆಗೆ ಪೆಟ್ಟು ಎಂದು ಒದ್ದಾಡುತ್ತಿದ್ದ ನನಗೆ, ರಾಗಿ ಹುಲ್ಲು ಹಾಸಿದ ರಸ್ತೆ ಕಂಡು ದೇವರೇ ಹಾಸಿಗೆ ಹಾಸಿಕೊಟ್ಟಂತಾಯಿತು. ಬೆಳಗಿನ ಹೊತ್ತು ವಾಹನ ಕಡಿಮೆ. ಮಕ್ಕಳನ್ನು ಅದರ ಮೇಲೆಯೇ ಓಡಿಸಿದೆ. ರಾಗಿಯ ಯಜಮಾನ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ:

'ಮೇಷ್ಟ್ರೆ, ನಿಮ್ಮುಡುಗ್ರು ತುಳುದ್ರೆ ಒಂದ್ ಕಾಳೂ ಉದ್ರಾಕಿಲ್ಲ. ಒಸಿ ಮೈಕೈ ತುಂಬ್ಕಂಡಿರೋರ್ನ ಕರ್ಕಬನ್ನಿ.'

ಮಾರನೆಯ ದಿನ ಅದೇ ಜಾಗದಲ್ಲಿ ರಾಗಿ ಎತ್ತಿ ಹುರುಳಿ ಹರಡಿದ್ದರು. ನಾನು ನೋಡದೆ ಎಲ್ಲರಿಗಿಂತ ಮುಂದೆ ಓಡಿದೆ. ಹುರುಳಿ ಕಾಳು ಕಾಲಡಿ ಉರುಳಿ, ಅಂಗಾತ ಬಿದ್ದೆ. ಮಕ್ಕಳು ಮಗ್ಗಿ ನಿಲ್ಲಿಸಲೇ ಇಲ್ಲ, ನನ್ನನ್ನು ಬಳಸಿಕೊಂಡು ಓಡಿದವು. ಶಿಸ್ತು ಕಲಿಸಿದ್ದೆನಲ್ಲ, ಅನುಭವಿಸಿದೆ. ಅಲ್ಲಿಂದಾಚೆ ನಾಲೆ ಏರಿಯ ಮಣ್ಣುದಾರಿಯೇ ನಮ್ಮ ದಾರಿಯಾಯಿತು.

ಇನ್ನು ನಾನು ಹೇಳಬೇಕೆಂದು ಕೂತ ಮಾತಿಗೆ ಬರುತ್ತೇನೆ. ನಿವೃತ್ತಿಗೆ ಸ್ವಲ್ಪ ಮುಂಚೆ ನಾನು ಕೆ.ಆರ್. ಪೇಟೆ ತಾಲೂಕಿನ ಸಂತೆಬಾಚಹಳ್ಳಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿದ್ದೆ. ಅಲ್ಲಿ ಒಂಬತ್ತನೇ ತರಗತಿಯಲ್ಲಿ ಸಿಂಚನ ಎಂಬ ಹುಡುಗಿ. ಕಡ್ಡಿಯಂಥ ಮೈ, ಮಾತು ಕಡಿಮೆ, ಹಟ ಜಾಸ್ತಿ. ಜಿಲ್ಲಾ ಮಟ್ಟದ ಮೂರು ಸಾವಿರ ಮೀಟರ್ ಓಟದಲ್ಲಿ ಮೊದಲಿನ ಸುತ್ತುಗಳಲ್ಲೆಲ್ಲ ಮುಂದಿದ್ದು, ಕೊನೆಗೆ ಕಾಲು ಸೋತು ಹಿಂದೆ ಬಿದ್ದಳು. ಮೊಣಕಾಲಿನ ಕೆಳಗಿನ ಮೂಳೆ ಮುಟ್ಟಿದರೆ ನೋವು ಅನ್ನುತ್ತಿದ್ದಳು. ಡಾಕ್ಟರಿಗೆ ತೋರಿಸಿದೆವು. ಮೂಳೆ ಇನ್ನೂ ಬಿರುಕು ಬಿಟ್ಟಿಲ್ಲ, ಹುಷಾರಾಗಿರಿ, ಕೆಲವು ತಿಂಗಳು ವೇಗವಾಗಿ ಓಡಿಸಬೇಡಿ ಎಂದರು.

ಹತ್ತನೇ ತರಗತಿಯಲ್ಲಿ ರಾಜ್ಯ ಮಟ್ಟದಲ್ಲಿ ಒಂದು ಸ್ಥಾನ ಬಂದರೆ ಅವಳಿಗೆ ಕ್ರೀಡಾ ವಸತಿನಿಲಯದಲ್ಲಿ ಸೀಟು, ಮುಂದಿನ ಓದು ಅಲ್ಲೇ. ಬರದಿದ್ದರೆ ಓದು ಹತ್ತಕ್ಕೆ ನಿಲ್ಲುತ್ತದೆ ಎಂದು ಅವರ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಹೀಗಾಗಿ ಅವಳ ಓದು ಆ ಒಂದು ಚಳಿಗಾಲದ ಮೇಲೆ ನಿಂತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ನಾನು ಹಾಕಿದ ಯೋಜನೆಯಲ್ಲಿ ಗುಟ್ಟೇನೂ ಇಲ್ಲ. ದೀಪಾವಳಿ ಆದ ಮೇಲೆ ಕಾಲು ಪೂರ್ತಿ ವಾಸಿಯಾಗುವವರೆಗೆ ನಡಿಗೆ. ಆಮೇಲೆ ನಾಲೆ ಏರಿಯಲ್ಲಿ ನಿಧಾನದ ಓಟ, ವಾರವಾರವೂ ಒಂದಿಷ್ಟು ದೂರ ಹೆಚ್ಚು. ಭಾನುವಾರ ಉದ್ದನೆಯ ಓಟ, ಸೋಮವಾರ ಪೂರ್ತಿ ಬಿಡುವು. ಕೆಲವು ವಾರಕ್ಕೊಮ್ಮೆ ದೂರ ತಗ್ಗಿಸಿ ಮೈಗೆ ಸುಧಾರಿಸಿಕೊಳ್ಳಲು ಬಿಡುವುದು. ಶಿವರಾತ್ರಿಯವರೆಗೆ ಜೋರು ಓಟದ ಮಾತೇ ಇಲ್ಲ. ಓಡಿ ಬಂದ ಮೇಲೆ ಹುರಿದ ಕಡಲೆಕಾಯಿ, ಬೆಲ್ಲ. ಮಧ್ಯಾಹ್ನ ಮುದ್ದೆ, ಹುರುಳಿ ಬಸ್ಸಾರು. ಅವಳು ಮುಟ್ಟಾದ ದಿನಗಳಲ್ಲಿ ಓಟ ಹೇಗಿರಬೇಕು ಎಂದು ಅವಳ ತಾಯಿಯ ಹತ್ತಿರವೇ ಕೂತು ಮಾತಾಡಿದೆ. ಇದನ್ನು ಕೇಳಿ ನಾಚಿಕೊಂಡ ಗಂಡಸು ಮೇಷ್ಟ್ರುಗಳು ಬಹಳ ಜನ. ನಾಚಿಕೆ ಇರುವವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡಬಾರದು.

ತಾಯಿ ಜಯಮ್ಮ ಎಲ್ಲದಕ್ಕೂ ಸರಿ ಅಂದರು, ಒಂದು ಬಿಟ್ಟು.

'ಎಲ್ಲಾ ಸರಿ ಸಾ. ಬೆಳಿಗ್ಗೆ ಹಾಲು ಯಾರ್ ಹಾಕೋರು? ನಾನು ಕರಿಯೋಳು, ಅವ್ಳು ಡೈರಿಗೆ ಹೊರೋಳು. ಅವರಪ್ಪ ಆ ಹೊತ್ಗೆ ಗದ್ದೆತಾವ ಓಗ್ಬುಟ್ಟಿರ್ತಾರೆ.'

'ನಾನ್ ಹಾಕ್ತೀನಿ ಬುಡವ್ವ' ಅಂದುಬಿಟ್ಟೆ.

ಅಂದ ಮೇಲೆ ಮಾಡಬೇಕಲ್ಲ. ದಿನಾ ಬೆಳಗ್ಗೆ ಅವಳು ನಾಲೆ ಏರಿ ಹತ್ತುವುದು, ನಾನು ಸ್ಕೂಟರಿನ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಡೈರಿಗೆ ಹೋಗಿ ಹಾಲು ಹಾಕಿ, ಅಲ್ಲಿಂದ ಏರಿಗೆ ಹೋಗುವುದು. ಮಂಜಿನೊಳಗಿಂದ ಹುಡುಗಿ ಕಾಣುವುದಕ್ಕೆ ಮೊದಲು ಮಗ್ಗಿ ಕೇಳಿಸುತ್ತಿತ್ತು. ಅವಳಿಗೆ ಹದಿನೇಳರ ಮಗ್ಗಿ ಬರುತ್ತಿರಲಿಲ್ಲ, ಅದಕ್ಕೇ ಅದನ್ನೇ ಕೊಟ್ಟಿದ್ದೆ. ಊರಲ್ಲಿ ನನಗೆ ಹಾಲಿನ ಮೇಷ್ಟ್ರು ಎಂದು ಹೆಸರು ಬಿತ್ತು. ನಮ್ಮ ಹೆಡ್ ಮಾಸ್ಟರು ಶಿವನಂಜಪ್ಪ ಒಳ್ಳೆಯವರು, ಆದರೆ ಅಂಜುಬುರುಕರು. ಒಂಬತ್ತನೆಯವರಿಗೂ ಬೆಳಗ್ಗೆ ವಿಶೇಷ ತರಗತಿ ಇಟ್ಟಿದ್ದೇನೆ, ಸಿಂಚನ ಬರುತ್ತಿಲ್ಲ ಎಂದು ನನ್ನನ್ನು ಕರೆಸಿದರು.

'ಏನ್ರೀ ಇದು, ನೀವು ಹಾಲು ಹಾಕೋದು, ಆ ಹುಡುಗಿ ಮಗ್ಗಿ ಹೇಳ್ಕೊಂಡು ಊರೂರು ತಿರುಗೋದು?'

'ಅವಳ ಗಣಿತದ ಮಾರ್ಕ್ಸು ನೋಡಿ ಸಾರ್. ಕಮ್ಮಿಯಾದ ದಿನ ನಿಲ್ಲಿಸ್ತೀನಿ' ಅಂದೆ.

ಕಮ್ಮಿಯಾಗಲಿಲ್ಲ. ಅವರೂ ಸುಮ್ಮನಾದರು.

ಮಾರ್ಗಶಿರದ ಚಳಿಯಲ್ಲಿ ಹುಡುಗಿಯ ಓಟ ಕಣ್ಣಿಗೆ ಕಾಣುವಂತೆ ಕುದುರತೊಡಗಿತ್ತು. ಕಾಲು ನೋವು ಮಾಯವಾಗಿತ್ತು. ಅಂಥ ಹೊತ್ತಿನಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಬೋರೇಗೌಡ ಶಾಲೆಗೆ ಬಂದ. ಊರಿನ ಹಾಲಿನ ಡೈರಿಗೂ ಅವನೇ ಅಧ್ಯಕ್ಷ. ಅವನು ನಂಬಿಕೊಂಡಿದ್ದ ರಾಜಕಾರಣಿಯ ಹುಟ್ಟುಹಬ್ಬಕ್ಕೆ ಹೊಸಹೊಳಲಿನಿಂದ ಹೊರಟು ಸುತ್ತು ಹಾಕಿ ಕೆ.ಆರ್. ಪೇಟೆ ಮೈದಾನ ಸೇರುವ ರಸ್ತೆ ಓಟ ಇಟ್ಟಿದ್ದರು. ಅವರನ್ನು ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದರು.

'ಮೇಷ್ಟ್ರೆ, ನಮ್ಮೂರ್ ಹುಡ್ಗಿ ಫಸ್ಟ್ ಬರ್ಬೇಕು. ಅಣ್ಣಂಗೆ ಮಾತು ಕೊಟ್ಬುಟ್ಟಿವ್ನಿ' ಅಂದ.

'ಆಗಲ್ಲ ಗೌಡ್ರೆ. ಅವಳ ಕಾಲು ಈಗ ತಾನೇ ಮಾಗ್ತಾ ಇದೆ. ಟಾರು ರಸ್ತೆ ಮೇಲೆ ಜಿದ್ದಿಗೆ ಬಿದ್ದು ಓಡಿದ್ರೆ ಮೂಳೆ ಬಿರುಕು ಬಿಡುತ್ತೆ. ಮುಂದಿನ ವರ್ಷ ರಾಜ್ಯಕ್ಕೆ ಓಡ್ಬೇಕು.'

'ಮುಂದಿನ್ ವರ್ಸ ಅಣ್ಣನ್ ಹುಟ್ಟಬ್ಬ ಇಲ್ವಾ? ಆಗ ನೀವ್ ಇರ್ತೀರೋ ಇಲ್ವೋ. ಒಂದ್ ದಿನ ಓಡುದ್ರೆ ಕಾಲೇನ್ ಉದ್ರೋಗ್ತದಾ?'

'ಓಡಲ್ಲ' ಅಂದೆ. ಶಿವನಂಜಪ್ಪನವರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತಿದ್ದರು. ಬೋರೇಗೌಡ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಆಯ್ತು ಬುಡಿ' ಎಂದು ಎದ್ದುಹೋದ. ನಾನು ಗೆದ್ದೆ ಎಂದುಕೊಂಡೆ.

ಮಾರನೆಯ ಬೆಳಗ್ಗೆ ಡೈರಿಯಲ್ಲಿ ನಾನು ಕೊಟ್ಟ ಹಾಲಿಗೆ ಕಾರ್ಯದರ್ಶಿ ಹಾಲು ಅಳೆಯುವ ಗಾಜಿನ ಕೊಳವೆ ಬಿಟ್ಟು, ನನ್ನ ಮುಖ ನೋಡದೆ, 'ಡಿಗ್ರಿ ಬರ್ತಿಲ್ಲ ಸಾ. ನೀರೈತೆ' ಅಂದ. ಕ್ಯಾನನ್ನು ಹಿಂದಕ್ಕೆ ತಳ್ಳಿದ. ಆ ಹಾಲನ್ನು ಜಯಮ್ಮ ಕರೆಯುವುದನ್ನು ನಾನು ಕಣ್ಣಾರೆ ಕಂಡು ತಂದಿದ್ದೆ. ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ. ಸಾಲಿನಲ್ಲಿ ನಿಂತಿದ್ದವರೆಲ್ಲ ನೆಲ ನೋಡುತ್ತಿದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕ್ಯಾನನ್ನು ಅಲ್ಲೇ ಎತ್ತಿ ಬಡಿಯಬೇಕು ಅನ್ನಿಸಿತು. ಪರರ ಮನೆಯ ಹಾಲು, ಬಡಿಯುವ ಹಕ್ಕು ನನಗಿರಲಿಲ್ಲ.

ಜಯಮ್ಮ ವಾಪಸು ಬಂದ ಹಾಲನ್ನು ಹೆಪ್ಪು ಹಾಕಿ ಹಾಕಿ ಸಾಕಾಗಿದ್ದರು. 'ಸಾ, ನೀವು ನಮ್ ಒಳ್ಳೇದ್ಕೇ ಏಳ್ತೀರ. ಆದ್ರೆ ಹಾಲು ವಾಪಸ್ ಬಂದ್ರೆ ನಮ್ ಮನೆ ನಡೆಯಾಕಿಲ್ಲ. ಒಂದ್ ದಿನ ಓಡ್ಲಿ ಬುಡಿ' ಅಂದರು. ಹಟ ಹಿಡಿದವನು ನಾನು, ದಂಡ ಕಟ್ಟುತ್ತಿದ್ದವರು ಅವರು. ಸಿಂಚನ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು.

'ಓಡ್ತೀನಿ ಸಾ. ಏಳ್ಬುಡಿ ಅವ್ರಿಗೆ' ಅಂದಳು.

ನನಗೆ ಅವಳ ಮೇಲೂ ಕೋಪ ಬಂತು. ಇಷ್ಟು ದಿನದ ಚಳಿ, ಮಂಜು, ಹಾಲು ಎಲ್ಲ ನೀರುಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಎದ್ದು ಬಂದೆ. ಹುಡುಗಿ ಓಡುತ್ತಾಳೆ ಎಂದು ಹೇಳಿ ಕಳಿಸಿದ ಮಾರನೆಯ ಬೆಳಗ್ಗೆ ಹಾಲಿಗೆ ಡಿಗ್ರಿ ಬಂತು.

ಓಟದ ದಿನ ಪೇಟೆ ಮೈದಾನದಲ್ಲಿ ಪೆಂಡಾಲು, ಮೈಕು, ಸೇಬಿನ ಹಾರ ಎಲ್ಲ ಇತ್ತು. ವೇದಿಕೆಯ ಮೇಲೆ ಅಣ್ಣ ಕೂತಿದ್ದರು. ನಾನು ಹೊಸಹೊಳಲಿಗೆ ಹೋಗಲಿಲ್ಲ, ಅವಳು ಹೊರಡುವುದನ್ನು ನೋಡುವ ಮನಸ್ಸಿರಲಿಲ್ಲ. ಓಟ ಮುಗಿಯುವ ಗೆರೆಯ ಹತ್ತಿರ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಅವಳು ಕುಂಟಿಕೊಂಡು ಬಂದರೆ ಹಿಡಿದುಕೊಳ್ಳಲು ಒಬ್ಬರಾದರೂ ಬೇಕಿತ್ತು. ಬೋರೇಗೌಡ ಮೈಕು ಹಿಡಿದು, 'ಈಗ ನಮ್ಮೂರ ಹೆಮ್ಮೆಯ ಓಟಗಾರ್ತಿ, ಚಿನ್ನದ ಹುಡುಗಿ ಸಿಂಚನ ಎಲ್ಲರಿಗಿಂತ ಮೊದಲು ಬರಲಿದ್ದಾರೆ' ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಮೊದಲ ಹುಡುಗಿ ಬಂದಳು. ಪಾಂಡವಪುರದವಳು. ಎರಡನೆಯವಳು, ಮೂರನೆಯವಳು ಬಂದರು. ಒಂದು ಗುಂಪೇ ಬಂತು, ಸಿಂಚನ ಇಲ್ಲ. ಬೋರೇಗೌಡನ ದನಿ ಇಳಿಯುತ್ತಾ ಬಂತು. ಎಲ್ಲೋ ಕಾಲು ಮುರಿದುಕೊಂಡು ರಸ್ತೆ ಪಕ್ಕ ಕೂತಿದ್ದಾಳೆ ಎಂದೇ ಅಂದುಕೊಂಡೆ. ಬಂದ ಹುಡುಗಿಯರಲ್ಲಿ ಅರ್ಧಕ್ಕರ್ಧ ನೆಲದ ಮೇಲೆ ಉರುಳಿಕೊಂಡು ಏದುಸಿರು ಬಿಡುತ್ತಿದ್ದರು. ವೇದಿಕೆ ಮೇಲಿದ್ದವರು ಹಾರ ಸರಿಮಾಡಿಕೊಳ್ಳುತ್ತಿದ್ದರು.

ಆಗ ಮೈದಾನದ ಗೇಟಿನ ಕಡೆಯಿಂದ ದನಿ ಬಂತು. ನನಗೆ ಚೆನ್ನಾಗಿ ಪರಿಚಯದ ದನಿ.

'ಹದಿನೇಳ್ ಮೂರ್ಲ ಐವತ್ತೊಂದು. ಹದಿನೇಳ್ ನಾಲ್ಕ್ಲ ಅರವತ್ತೆಂಟು.'

ರಸ್ತೆಯ ಟಾರು ಬಿಟ್ಟು ಪಕ್ಕದ ಮಣ್ಣಿನ ಮೇಲೆ, ನಾಲೆ ಏರಿಯಲ್ಲಿ ಓಡುವ ಅದೇ ಹದದಲ್ಲಿ, ಸಿಂಚನ ಬರುತ್ತಿದ್ದಳು. ಒಂದಿಷ್ಟೂ ಅವಸರವಿಲ್ಲ. ಅವಳ ಹಿಂದೆ ನಾಲ್ಕಾರು ಪುಟ್ಟ ಹುಡುಗಿಯರು, ಓಡಿ ಸೋತವರು, ಅವಳ ಮಗ್ಗಿಗೆ ದನಿಗೂಡಿಸಿಕೊಂಡು ಬರುತ್ತಿದ್ದರು. ವೇದಿಕೆಯ ಮುಂದೆ ಹಾದು, ಗೆರೆ ದಾಟಿ, ಮಗ್ಗಿ ಮುಗಿಸಿ ನಿಂತಳು. ಬೋರೇಗೌಡ ಮೈಕು ಆರಿಸುವುದನ್ನೂ ಮರೆತು ಕೇಳಿದ.

'ಏನಮ್ಮಿ, ಕಾಲ್ಗೀಲ್ ನೋವಾಯ್ತಾ?'

'ಇಲ್ಲ ಗೌಡ್ರೆ' ಅಂದಳು. 'ಮಗ್ಗಿ ಮುಗ್ದಿರ್ಲಿಲ್ಲ.'

ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಜನ ಗೊಳ್ಳೆಂದು ನಕ್ಕರು. ಅಣ್ಣನೂ ನಕ್ಕು, 'ಯಾರ್ಲಾ ಬೋರ ಈ ಹುಡ್ಗಿ? ಒಳ್ಳೆ ಮಗ್ಗಿ ಏಳ್ತಾಳೆ. ನಿಂಗ್ ಬತ್ತದಾ ಹದಿನೇಳ್ರುದು?' ಎಂದು ಕೇಳಿದರು. ಅಣ್ಣನೇ ನಕ್ಕ ಮೇಲೆ ಬೋರೇಗೌಡ ಹಲ್ಲು ಕಿರಿಯದೆ ಇನ್ನೇನು ಮಾಡಿಯಾನು? ಮಾರನೆಯ ದಿನ ಹಾಲಿಗೆ ಡಿಗ್ರಿ ಸರಿಯಾಗಿಯೇ ಇತ್ತು. ಅಣ್ಣ ಹೊಗಳಿದ ಹುಡುಗಿಯ ಮನೆಯ ಹಾಲು, ನೀರಿದೆ ಅನ್ನುವ ಧೈರ್ಯ ಯಾರಿಗಿದೆ?

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದವಳನ್ನು ಕೇಳಿದೆ. 'ಹಿಂಗ್ ಮಾಡ್ತೀನಿ ಅಂತ ನಂಗ್ಯಾಕೆ ಹೇಳ್ಲಿಲ್ಲ ಕಣವ್ವ?'

'ನೀವ್ ಬ್ಯಾಡ ಅಂತಿದ್ರಿ ಸಾ. ಅವ್ರು ಓಡು ಅಂದ್ರು, ಓಡ್ದೆ. ನೀವು ಜೋರಾಗ್ ಓಡ್ಬ್ಯಾಡ ಅಂದ್ರಿ, ಓಡ್ನಿಲ್ಲ.'

ನನಗೆ ಕಣ್ಣಲ್ಲಿ ನೀರು ಬಂತು. ಚಳಿಗಾಳಿಗೆ ಎಂದುಕೊಳ್ಳಲಿ ಎಂದು ಸುಮ್ಮನೆ ಗಾಡಿ ಓಡಿಸಿದೆ.

ಮುಂದಿನ ಮಳೆಗಾಲದಲ್ಲಿ ಅವಳು ತಾಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯಕ್ಕೆ ಹೋದಳು. ಶಿವರಾತ್ರಿ ಆದ ಮೇಲೆ ವೇಗದ ಓಟ ಶುರು ಮಾಡಿಸಿದ್ದೆ, ಮೂಳೆ ಒಂದು ದಿನವೂ ನೋಯಲಿಲ್ಲ. ರಾಜ್ಯದ ಓಟದಲ್ಲಿ ನಾನು ಅವಳ ಕಾಲು ನೋಡಲಿಲ್ಲ, ತುಟಿ ನೋಡುತ್ತಿದ್ದೆ. ಮೊದಲ ಸುತ್ತುಗಳಲ್ಲಿ ತುಟಿ ಆಡುತ್ತಲೇ ಇತ್ತು. ಮಿಕ್ಕವರು ಮುಂದೆ ಮುಂದೆ ಹೋದರು. ಕೊನೆಯ ಸುತ್ತಿನ ಗಂಟೆ ಹೊಡೆದಾಗ ತುಟಿ ನಿಂತಿತು. ಆಗ ಓಡಿದಳು ನೋಡಿ. ಒಬ್ಬೊಬ್ಬರನ್ನೇ ಹಿಂದೆ ಹಾಕಿ ಎರಡನೆಯವಳಾಗಿ ಗೆರೆ ಮುಟ್ಟಿದಳು. ಸೀಟು ಸಿಕ್ಕಿತು.

ಆ ವಾರವೇ ಊರ ಬಾಗಿಲಿಗೆ ಒಂದು ದೊಡ್ಡ ಫ್ಲೆಕ್ಸು ಬಂತು. ಅದರ ತುಂಬಾ ಅಣ್ಣನ ಮುಖ, ಪಕ್ಕದಲ್ಲಿ ಕೈ ಮುಗಿದ ಬೋರೇಗೌಡ, ಕೆಳಗಡೆ ಮೂಲೆಯಲ್ಲಿ ಚಿಕ್ಕದಾಗಿ ಸಿಂಚನ. 'ಇವರ ಪ್ರೋತ್ಸಾಹದಿಂದ' ಎಂದು ಬರೆದಿತ್ತು. ನನ್ನ ಹೆಸರಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರೇ, ನಿಮ್ಮ ಹೆಸರೂ ಇರುವುದಿಲ್ಲ, ಈಗಲೇ ತಿಳಿದುಕೊಳ್ಳಿ. ಹೆಸರಿಗಾಗಿ ಮಗುವಿನ ಚಳಿಗಾಲವನ್ನು ಯಾರಿಗೂ ಬಿಟ್ಟುಕೊಡಬೇಡಿ. ಬೈದರೆ ಬೈಸಿಕೊಳ್ಳಿ, ಹಾಲು ಹೊರಬೇಕಾದರೆ ಹೊರಿ.

ನಿವೃತ್ತಿಯಾದ ಮೇಲೆ ಕಳೆದ ಚಳಿಗಾಲದಲ್ಲಿ ಒಮ್ಮೆ ಆ ಊರಿಗೆ ಹೋಗಿದ್ದೆ. ರಜೆಗೆ ಬಂದಿದ್ದ ಸಿಂಚನ ಬೆಳಗ್ಗೆಯೇ ನಾಲೆ ಏರಿಗೆ ಹೋಗಿದ್ದಳು, ಅವಳ ಹಿಂದೆ ಶಾಲೆಯ ಒಂದಷ್ಟು ಮಕ್ಕಳು. ಮಗ್ಗಿ ದೂರದಿಂದಲೇ ಕೇಳಿಸುತ್ತಿತ್ತು. ಜಯಮ್ಮ ಹಿತ್ತಲಲ್ಲಿ ರಾಗಿ ಮೆದೆಯ ಹತ್ತಿರ ನಿಂತಿದ್ದರು. ಇಬ್ಬನಿ ಬೀಳದಂತೆ ಮೆದೆಯ ಮೇಲೆ ಹೊದಿಸಿದ್ದುದು ಅದೇ ಫ್ಲೆಕ್ಸು. ಅಣ್ಣನ ಹಣೆಯ ಮೇಲೆ ಒಂದು ಕೋಳಿ ಕೂತಿತ್ತು. ಕೆಳಗಿನ ಮೂಲೆಯಲ್ಲಿ ಚೌಕಾಕಾರದ ಒಂದು ತೂತು.

'ಇದೇನವ್ವ ತೂತು?' ಎಂದು ಕೇಳಿದೆ.

'ಮಗಳ್ ಮೊಖ ಕತ್ತರಿಸ್ಕಂಡು ಒಳಗೆ ಗ್ವಾಡೆಗೆ ಅಂಟಿಸ್ದೆ ಸಾ' ಅಂದರು ಜಯಮ್ಮ. 'ಮಿಕ್ಕಿದ್ದು ಮೆದೆಗಾಯ್ತು.'